ಕಲ್ಲಿಲ್ಲದ ಊರಿನ ಹೊಳೆದಂಡೆ

ರಜೆ ಹತ್ತಿರ ಬಂದಂತೆ ಪಾಲಕರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಮಕ್ಕಳಿಗೆ ದೂರದ ಊರೊಂದನ್ನು ತೋರಿಸಬೇಕು, ನಾಲ್ಕು ವಿಷಯ ತಿಳಿಯುವಂತಿರಬೇಕು, ಕೈಯಲ್ಲಿ ಹಣ ಮಾತ್ರ ಹೆಚ್ಚಿಲ್ಲ, ಎಲ್ಲಿಗೆ ಹೋಗೋಣ? ಇದಕ್ಕೆ ನಾನು ಕೊಡುವ ಉತ್ತರ ಕಲ್ಕತ್ತ. 2001ರಿಂದ ಅದರ ಅಧಿಕೃತ ಹೆಸರು ಕೋಲ್ಕತ್ತ. ಇಡೀ ಮಹಾನಗರವಲ್ಲ. ಹೂಗ್ಲಿ ನದಿಯ ಪೂರ್ವ ದಂಡೆಯ ಮೇಲೆ ಹೌರಾ ಸೇತುವೆಯಿಂದ ಪ್ರಿನ್ಸೆಪ್ ಘಾಟ್‌ವರೆಗಿನ ಮೂರು ನಾಲ್ಕು ಕಿಲೋಮೀಟರ್ ಉದ್ದದ ಹಳೆಯ ಪಟ್ಟಿ ಮಾತ್ರ. ನಡೆಯಬಲ್ಲವರಿಗೆ ಎರಡು ದಿನ ಸಾಕು. ಅಲ್ಲಿ ನೋಡಬೇಕಾದದ್ದರಲ್ಲಿ ಹೆಚ್ಚಿನದಕ್ಕೆ ಟಿಕೆಟ್ಟೇ ಇಲ್ಲ.

ಖರ್ಚಿನ ವಿಷಯವನ್ನು ಮೊದಲೇ ಎತ್ತಿದ್ದಕ್ಕೆ ಕಾರಣವಿದೆ. ಶಾಲಾ ಪ್ರವಾಸದ ಶುಲ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದ ಮರುದಿನ ತರಗತಿಯಲ್ಲಿ ಏನಾಗುತ್ತದೆ ಎಂಬುದು ಎಲ್ಲ ಮೇಷ್ಟರಿಗೂ ಗೊತ್ತು. ಹೆಸರು ಕೊಟ್ಟ ಮಕ್ಕಳು ಗಲಾಟೆ ಮಾಡುತ್ತಾರೆ. ಕೊಡದವರು "ನಮ್ಮನೇಲಿ ಮದುವೆ ಇದೆ ಸಾರ್", "ನನಗೆ ಬಸ್ಸಿನಲ್ಲಿ ವಾಂತಿ ಆಗುತ್ತೆ ಸಾರ್" ಎನ್ನುತ್ತಾರೆ. ಮದುವೆಯೂ ಇಲ್ಲ, ವಾಂತಿಯೂ ಇಲ್ಲ. ಇತ್ತೀಚಿನ ಪ್ರವಾಸಗಳಲ್ಲಿ ದುಡ್ಡಿನ ದೊಡ್ಡ ಪಾಲು ನೀರಾಟದ ಪಾರ್ಕಿನ ಟಿಕೆಟ್ಟಿಗೂ ಹವಾನಿಯಂತ್ರಿತ ಬಸ್ಸಿಗೂ ಹೋಗುತ್ತದೆ. ಹೀಗೆ ಒಂದು ಸಾವಿರ ರೂಪಾಯಿ ಹೆಚ್ಚಿದಾಗಲೆಲ್ಲ ಪಟ್ಟಿಯಿಂದ ನಾಲ್ಕು ಹೆಸರು ಬಿದ್ದುಹೋಗುತ್ತವೆ. ಕಡಿಮೆ ಖರ್ಚು ಎಂದರೆ ಬರಿಯ ಉಳಿತಾಯದ ಮಾತಲ್ಲ, ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬ ಮಾತು.

ಬೆಂಗಳೂರಿನಿಂದ ಹೌರಾಕ್ಕೆ ಸುಮಾರು 2000 ಕಿಲೋಮೀಟರ್, ರೈಲಿನಲ್ಲಿ ಒಂದೂವರೆ ದಿನದ ಹಾದಿ. ಸ್ಲೀಪರ್ ದರ್ಜೆಯೇ ಧಾರಾಳ ಸಾಕು. ವಿದ್ಯಾರ್ಥಿಗಳ ಶೈಕ್ಷಣಿಕ ಪ್ರವಾಸಕ್ಕೆ ರೈಲ್ವೆಯ ರಿಯಾಯಿತಿ ಇದೆ. ಗ್ರಾಮಾಂತರದ ಸರ್ಕಾರಿ ಶಾಲೆಯ ಮಕ್ಕಳಿಗಂತೂ ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸಕ್ಕೆ ದ್ವಿತೀಯ ದರ್ಜೆಯಲ್ಲಿ ಶೇ. 75ರಷ್ಟು ಬಿಡುತ್ತಾರೆ. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗ ಎಲ್ಲವೂ ನಿಂತಿತೆಂದು ಅನೇಕ ಮುಖ್ಯೋಪಾಧ್ಯಾಯರು ತಿಳಿದಿದ್ದಾರೆ. ವಿದ್ಯಾರ್ಥಿಗಳದ್ದು ನಿಲ್ಲಲಿಲ್ಲ. ಶಾಲೆಯ ಪತ್ರ ಹಿಡಿದು ಸಾಕಷ್ಟು ಮುಂಚಿತವಾಗಿ ಹತ್ತಿರದ ದೊಡ್ಡ ನಿಲ್ದಾಣಕ್ಕೆ ಹೋಗಿ ವಿಚಾರಿಸಬೇಕು. ಎರಡು ಸಲ ಓಡಾಡಿಸುತ್ತಾರೆ, ಓಡಾಡಬೇಕು.

ಹೌರಾ ನಿಲ್ದಾಣದ ಹೆಚ್ಚುಗಾರಿಕೆ ಏನೆಂದರೆ, ರೈಲಿನಿಂದ ಇಳಿದು ಹೊರಗೆ ಬಂದರೆ ಎದುರಿಗೇ ಹೊಳೆ. ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ಅವರನ್ನು ದಾಟಿ ಐದು ನಿಮಿಷ ನಡೆದರೆ ದೋಣಿಕಟ್ಟೆ ಸಿಗುತ್ತದೆ. ಅಲ್ಲಿಂದ ಫೇರ್ಲಿ ಪ್ಲೇಸ್, ಬಾಬುಘಾಟ್, ಬಾಗ್‌ಬಜಾರ್ ಕಡೆಗಳಿಗೆ ಮೋಟಾರು ದೋಣಿಗಳು ಹೋಗುತ್ತವೆ. ಟಿಕೆಟ್ಟಿನ ಬೆಲೆ ನಮ್ಮೂರಿನ ಒಂದು ಲೋಟ ಕಾಫಿಗಿಂತ ಕಡಿಮೆ. ಪ್ರವಾಸಿಗರಿಗೆಂದು ನೂರಾರು ರೂಪಾಯಿ ಕೀಳುವ ಖಾಸಗಿ ದೋಣಿಯಿಂದ ಕಾಣುವ ಸೇತುವೆ, ಮೆಟ್ಟಿಲು, ಗೋದಾಮು, ಗೋಪುರಗಳೇ ಈ ದೋಣಿಯಿಂದಲೂ ಕಾಣುತ್ತವೆ. ಜತೆಗೆ ಕಚೇರಿಗೆ ಹೊರಟ ಗುಮಾಸ್ತರೂ ತರಕಾರಿ ಬುಟ್ಟಿಗಳೂ ಪುಕ್ಕಟೆ.

ದೋಣಿ ಹತ್ತುವ ಮೊದಲು ಮಕ್ಕಳನ್ನು ಒಂದು ನಿಮಿಷ ನಿಲ್ಲಿಸಿ. ದಡಕ್ಕೂ ದೋಣಿ ತಂಗುವ ತೇಲುವ ಕಟ್ಟೆಗೂ ನಡುವೆ ಕೀಲು ಹಾಕಿದ ಕಬ್ಬಿಣದ ಹಾದಿ ಇರುತ್ತದೆ. ಅದು ಎಷ್ಟು ಇಳಿಜಾರಾಗಿದೆ ಎಂದು ನೋಡಿ ಬರೆದುಕೊಳ್ಳಲಿ. ಆರು ಗಂಟೆಯ ನಂತರ ಮತ್ತೆ ಬಂದು ನೋಡಲಿ. ಬೆಳಿಗ್ಗೆ ಹತ್ತಾರು ಅಡಿ ಇಳಿದು ಹೋದ ಹಾದಿ ಮಧ್ಯಾಹ್ನ ಹೆಚ್ಚುಕಡಿಮೆ ಸಮತಟ್ಟಾಗಿರಬಹುದು, ಅಥವಾ ಇದರ ತಿರುಗುಮುರುಗು. ಸಮುದ್ರ ನೂರು ಕಿಲೋಮೀಟರಿಗೂ ಹೆಚ್ಚು ದೂರವಿದ್ದರೂ ಅದರ ಉಬ್ಬರವಿಳಿತ ಇಲ್ಲಿಯವರೆಗೆ ಬರುತ್ತದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಉಬ್ಬರದ ಹೊತ್ತಿನಲ್ಲಿ ತೇಲಿಬರುವ ಹೂವಿನ ಹಾರ ಹಿಮಾಲಯದ ಕಡೆಗೆ ಸಾಗುವುದನ್ನು ನೋಡಬಹುದು. ಕಾವೇರಿ, ತುಂಗಭದ್ರೆಗಳು ಸದಾ ಒಂದೇ ಕಡೆ ಹರಿಯುವುದನ್ನು ಕಂಡು ಬೆಳೆದ ಒಳನಾಡಿನ ಮಕ್ಕಳಿಗೆ ಹೊಳೆ ಹಿಂದಕ್ಕೆ ಹರಿಯುವುದು ಪಠ್ಯಪುಸ್ತಕದ ಹತ್ತು ಚಿತ್ರಗಳಿಗಿಂತ ಹೆಚ್ಚು ಕಲಿಸುತ್ತದೆ. ಒಂದು ಎಚ್ಚರಿಕೆ: ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಕೆಲವೊಮ್ಮೆ ಉಬ್ಬರ ಗೋಡೆಯಂತೆ ನುಗ್ಗುತ್ತದೆ. ಅದನ್ನು ಅಲ್ಲಿನವರು 'ಬಾನ್' ಎನ್ನುತ್ತಾರೆ. ಮೆಟ್ಟಿಲಿಳಿದು ಕಾಲು ತೊಳೆಯುವ ಆಸೆಯನ್ನು ಆ ದಿನಗಳಲ್ಲಿ ಬಿಡುವುದು ಮೇಲು.

ಇನ್ನು ಹೌರಾ ಸೇತುವೆ. ಒಮ್ಮೆ ದೋಣಿಯಿಂದ ಕೆಳಗಿನಿಂದಲೂ, ಒಮ್ಮೆ ಮೇಲೆ ನಡೆದೂ ನೋಡಬೇಕು. 1943ರ ಫೆಬ್ರವರಿಯಲ್ಲಿ ಸಂಚಾರಕ್ಕೆ ತೆರೆದದ್ದು. ಎರಡು ಗೋಪುರಗಳ ನಡುವಿನ ಅಂತರ 457 ಮೀಟರ್, ಅಂದರೆ 1500 ಅಡಿ. ನದಿಯ ನಡುವೆ ಒಂದೂ ಕಂಬವಿಲ್ಲ. ಸುಮಾರು 26,500 ಟನ್ ಉಕ್ಕು ಹಿಡಿದಿದೆ, ಅದರಲ್ಲಿ ಹೆಚ್ಚಿನ ಪಾಲು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯದು. ನಟ್ಟು ಬೋಲ್ಟುಗಳಿಲ್ಲ, ಪೂರ್ತಿ ರಿವೆಟ್ ಕೆಲಸ. ಕಂಬವಿಲ್ಲದೆ ನಿಂತದ್ದು ಹೇಗೆ ಎಂಬುದನ್ನು ರೈಲಿನಲ್ಲೇ ಮಾಡಿ ತೋರಿಸಬಹುದು. ಇಬ್ಬರು ಹುಡುಗರು ಸ್ವಲ್ಪ ದೂರದಲ್ಲಿ ಅಕ್ಕಪಕ್ಕ ಕುಳಿತು ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಲಿ. ಹೊರಗಿನ ಕೈಗಳಲ್ಲಿ ಭಾರವಾದ ಚೀಲಗಳನ್ನು ಹಿಡಿಯಲಿ. ಒಳಗಿನ ಕೈಗಳ ನಡುವೆ ಒಂದು ಕೋಲಿಟ್ಟು ಅದಕ್ಕೆ ಊಟದ ಡಬ್ಬಿ ತೂಗುಹಾಕಿ. ಹೊರಗಿನ ಚೀಲಗಳ ತೂಕ ಡಬ್ಬಿಯ ತೂಕವನ್ನು ಸರಿದೂಗಿಸುತ್ತದೆ. ಹುಡುಗರ ಮೈಯೇ ಗೋಪುರ, ತೋಳುಗಳೇ ಚಾಚುತೊಲೆ. ಹೌರಾದ ಲೆಕ್ಕವೂ ಇಷ್ಟೆ.

ಈ ಸೇತುವೆಯ ಬಗ್ಗೆ ಎಲ್ಲೆಡೆ ಕೇಳಿಬರುವ ಇನ್ನೊಂದು ಮಾತಿದೆ. ಬೇಸಿಗೆಯ ಬಿಸಿಲಿಗೆ ಇದು ನಾಲ್ಕು ಅಡಿ ಉದ್ದವಾಗುತ್ತದಂತೆ! ಒಂಬತ್ತನೆಯ ತರಗತಿಯ ಹುಡುಗಿಯೂ ಇದನ್ನು ಪರೀಕ್ಷಿಸಬಹುದು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.000012 ಮೀಟರ್ ಹಿಗ್ಗುತ್ತದೆ. ಚಳಿಗಾಲದ ಮುಂಜಾನೆಗೂ ಬೇಸಿಗೆಯ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಳ್ಳಿ. 457 ಮೀಟರಿಗೆ ಗುಣಿಸಿದರೆ ಬರುವುದು ಹದಿನಾರೂವರೆ ಸೆಂಟಿಮೀಟರ್. ಪಕ್ಕದ ಭಾಗಗಳನ್ನೂ ಸೇರಿಸಿ ಇಡೀ 705 ಮೀಟರನ್ನು ತೆಗೆದುಕೊಂಡರೂ ಒಂದು ಅಡಿ ದಾಟುವುದಿಲ್ಲ. ನಾಲ್ಕು ಅಡಿ ಹಿಗ್ಗಬೇಕಾದರೆ ಉಷ್ಣಾಂಶ 140 ಡಿಗ್ರಿ ಏರಬೇಕು. ಅಷ್ಟರಲ್ಲಿ ಕೆಳಗಿನ ಹೂಗ್ಲಿಯೇ ಕುದಿದು ಹೋಗಿರುತ್ತದೆ. ದೊಡ್ಡವರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಪರೀಕ್ಷಿಸುವ ಈ ಸುಖಕ್ಕೆ ಯಾವ ಪ್ರವೇಶ ಶುಲ್ಕವೂ ಇಲ್ಲ.

ಸೇತುವೆಗೆ ನಿಜವಾದ ಹಾನಿ ಬಂದದ್ದು ಬಾಯಿಯಿಂದ. ಎಲೆಯಡಿಕೆ, ಗುಟ್ಕಾ ಜಗಿದು ಉಗುಳುವವರ ದೆಸೆಯಿಂದ ಕಾಲುಹಾದಿಯ ಪಕ್ಕದ ಕಂಬಗಳ ಬುಡದ ಉಕ್ಕಿನ ಕವಚ ತುಕ್ಕು ಹಿಡಿದು ಅರ್ಧದಷ್ಟು ಸವೆದುಹೋಗಿತ್ತು. ಕೊನೆಗೆ ಬಂದರು ಮಂಡಳಿ ಬುಡಗಳಿಗೆ ಫೈಬರ್‌ಗ್ಲಾಸ್ ಹೊದಿಕೆ ಹಾಕಬೇಕಾಯಿತು. ಸುಣ್ಣ, ಜೊಲ್ಲು, ತೇವ, ಉಕ್ಕು: ರಸಾಯನಶಾಸ್ತ್ರದ ಪಾಠ ಅಲ್ಲೇ ಇದೆ, ಮೂಗು ಮುಚ್ಚಿಕೊಂಡು ಓದಬೇಕು ಅಷ್ಟೆ.

ಸೇತುವೆಯ ಪೂರ್ವದ ತುದಿಯಲ್ಲಿ, ಕೆಳಗೆ, ಮಲ್ಲಿಕ್ ಘಾಟ್‌ನ ಹೂವಿನ ಸಂತೆ. ಬೆಳಗಿನ ಜಾವವೇ ಹೋಗಬೇಕು. ಚೆಂಡುಹೂವಿನ ಹಾರಗಳನ್ನು ಹಗ್ಗದ ಸಿಂಬಿಯಂತೆ ಸುತ್ತಿ ತಲೆಯ ಮೇಲೆ ಹೊತ್ತು ತರುತ್ತಾರೆ. ಕೂಲಿಯವರ ದಾರಿಗೆ ಅಡ್ಡ ನಿಲ್ಲಬೇಡಿ, ಅವರಿಗೆ ಅದು ಹೊಟ್ಟೆಪಾಡು, ನಮಗೆ ಮಾತ್ರ ನೋಟ. ಹಸಿವಾದರೆ ಅಲ್ಲೇ ಝಾಲ್‌ಮುಡಿ ಸಿಗುತ್ತದೆ. ನಮ್ಮ ಮಂಡಕ್ಕಿಯೇ, ಆದರೆ ಸಾಸಿವೆ ಎಣ್ಣೆ ಹಾಕಿದ್ದು. ದಾವಣಗೆರೆಯವರು ಒಪ್ಪುವುದು ಕಷ್ಟ. ಚಹಾವನ್ನು 'ಭಾಂಡ್' ಎಂಬ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಕುಡಿದು ಒಡೆದುಹಾಕುವ ಮುನ್ನ ಆ ಕುಡಿಕೆಯನ್ನು ಮಕ್ಕಳು ಸರಿಯಾಗಿ ನೋಡಲಿ. ಮುಂದಿನ ಪಾಠ ಅಲ್ಲಿಂದಲೇ ಶುರು.

ಇಲ್ಲಿಂದ ದಕ್ಷಿಣಕ್ಕೆ ಸ್ಟ್ರ್ಯಾಂಡ್ ರಸ್ತೆ ಹಿಡಿದು ನಡೆಯುವಾಗ ಮಕ್ಕಳಿಗೆ ಒಂದು ಪಂಥ ಕೊಡಿ: ಈ ಊರಿನಲ್ಲಿ ಒಂದು ಬಂಡೆಯನ್ನು ಹುಡುಕಿಕೊಡಿ. ಮನೆಯ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ, ಬೆಟ್ಟದಲ್ಲಿ ಕಲ್ಲೇ ಕಲ್ಲು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಸುಲಭವೆನಿಸುತ್ತದೆ. ಸಿಗುವುದಿಲ್ಲ. ಅರಮನೆಯಂತೆ ಕಾಣುವ ಕಟ್ಟಡಗಳ ಗಾರೆ ಉದುರಿದ ಕಡೆ ಇಣುಕಿದರೆ ಒಳಗೆ ಇಟ್ಟಿಗೆ. ಗಟ್ಟಿ ಕಲ್ಲಿನ ಕಂಬವೆಂದು ಭಾವಿಸಿದ್ದೂ ಬಹುಪಾಲು ಇಟ್ಟಿಗೆಯೇ, ಮೇಲೆ ಸುಣ್ಣದ ಗಾರೆ. ಏಕೆಂದರೆ ಊರು ನಿಂತಿರುವುದು ಗಂಗೆ ತಂದು ಸುರಿದ ಮೆಕ್ಕಲಿನ ಮೇಲೆ. 1830ರ ದಶಕದ ಉತ್ತರಾರ್ಧದಲ್ಲಿ ಕುಡಿಯುವ ನೀರಿಗಾಗಿ ಇಲ್ಲಿನ ಫೋರ್ಟ್ ವಿಲಿಯಂ ಕೋಟೆಯೊಳಗೆ ಭೂಮಿ ಕೊರೆಯತೊಡಗಿದರು. 481 ಅಡಿ ಇಳಿದರೂ ಜೇಡಿ, ಮರಳು, ಕೊಳೆತ ಮರದ ಪದರ ಇಷ್ಟೇ ಸಿಕ್ಕಿತು, ತಳದ ಬಂಡೆ ಸಿಗಲಿಲ್ಲ. ಕೋಲಾರ, ತುಮಕೂರಿನ ಕಡೆ ಬೋರು ಕೊರೆಸಿದವರನ್ನು ಕೇಳಿ ನೋಡಿ, ಎಷ್ಟು ಅಡಿಗೆ ಕಲ್ಲು ಬಂತೆಂದು. ಚಹಾದ ಕುಡಿಕೆ, ಕಟ್ಟಡದ ಇಟ್ಟಿಗೆ, ಕುಮಾರ್‌ಟುಲಿಯಲ್ಲಿ ದುರ್ಗೆಯ ವಿಗ್ರಹಕ್ಕೆ ಬಳಿಯುವ ಮಣ್ಣು ಎಲ್ಲವೂ ಹೊಳೆಯ ಕೊಡುಗೆ.

ಹೊಳೆ ಕೊಟ್ಟಂತೆ ಸರಿಯುತ್ತಲೂ ಬಂದಿದೆ. ಡಾಲ್‌ಹೌಸಿ ಚೌಕದ (ಈಗ ಬಿ.ಬಿ.ಡಿ. ಬಾಗ್) ಪಶ್ಚಿಮಕ್ಕೆ ಬಿಳಿ ಗುಮ್ಮಟದ ದೊಡ್ಡ ಅಂಚೆ ಕಚೇರಿ ಇದೆ, 1868ರದು. ಇಂಗ್ಲಿಷರ ಹಳೆಯ ಕೋಟೆ ಇದ್ದದ್ದು ಇದೇ ಜಾಗದಲ್ಲಿ, ಅದರ ಪಶ್ಚಿಮ ಗೋಡೆಯ ಆಚೆಗೇ ನದಿ. ಇಂದು ಅಂಚೆ ಕಚೇರಿಯಿಂದ ನೀರಿಗೆ ಹೋಗಲು ಬೀದಿಗಳನ್ನು ದಾಟಬೇಕು. ಹೂಳು ತುಂಬಿದ್ದು ಅರ್ಧ, ಮನುಷ್ಯರು ಮುಚ್ಚಿದ್ದು ಅರ್ಧ. ಬಂದರನ್ನು ಹೂಳಿನಿಂದ ಉಳಿಸಲೆಂದೇ ಫರಕ್ಕಾದಲ್ಲಿ ಅಣೆಕಟ್ಟು ಕಟ್ಟಿ 1975ರಿಂದ ಗಂಗೆಯ ನೀರನ್ನು ಹೂಗ್ಲಿಗೆ ತಿರುಗಿಸಿದರು. ಅದರಿಂದ ಬಾಂಗ್ಲಾದೇಶದೊಂದಿಗೆ ಎದ್ದ ತಕರಾರು ಬೇರೆಯೇ ಕಥೆ.

ಅಂಚೆ ಕಚೇರಿಯಿಂದ ಹತ್ತು ನಿಮಿಷ ನಡೆದರೆ ಸೇಂಟ್ ಜಾನ್ಸ್ ಚರ್ಚ್, 1787ರದು. ಇದಕ್ಕೊಂದು ಸಣ್ಣ ಶುಲ್ಕವಿದೆ, ಕೊಡಿ, ದಂಡವಲ್ಲ. ಹಳೆಯ ಬಂಗಾಳಿಗಳು ಇದನ್ನು 'ಕಲ್ಲಿನ ಗುಡಿ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಕಲ್ಲು ಅಷ್ಟೊಂದು ಅಪರೂಪ! ಅದನ್ನು ಪಾಳುಬಿದ್ದ ಗೌಡ ರಾಜಧಾನಿಯಿಂದ ಕಿತ್ತು ತಂದರು. ಚರ್ಚಿನ ಆವರಣದ ಮೂಲೆಯಲ್ಲಿ ಎಂಟು ಮೂಲೆಯ ಪುಟ್ಟ ಗೋರಿಯೊಂದಿದೆ. 1690ರಲ್ಲಿ ಇಲ್ಲಿ ಬಂದಿಳಿದ ಈಸ್ಟ್ ಇಂಡಿಯಾ ಕಂಪೆನಿಯ ಏಜೆಂಟ್ ಜಾಬ್ ಚಾರ್ನಾಕ್‌ನದು. ಆತನೇ ಕಲ್ಕತ್ತದ ಸ್ಥಾಪಕ ಎಂದು ನಾವು ಶಾಲೆಯಲ್ಲಿ ಓದಿದೆವು. ಅವನಿಗಿಂತ ಮೊದಲೇ ಇಲ್ಲಿ ಊರುಗಳಿದ್ದವು, ಹಾಗಾಗಿ ಆತ ಸ್ಥಾಪಕನಲ್ಲ ಎಂದು ಕಲ್ಕತ್ತ ಉಚ್ಚ ನ್ಯಾಯಾಲಯ 2003ರಲ್ಲಿ ಹೇಳಿತು. ಅದಿರಲಿ. ನಮಗೆ ಬೇಕಾದದ್ದು ಆತನ ಸಮಾಧಿಯ ಮೇಲಿನ ಕಪ್ಪು ಕಲ್ಲು.

ಬಂಡೆಯಿಲ್ಲದ ಊರಿಗೆ ಈ ಕಲ್ಲು ಬಂದದ್ದು ಮದ್ರಾಸಿನ ಬಳಿಯ ಪಲ್ಲಾವರದಿಂದ, ಹಡಗಿನಲ್ಲಿ. ಇನ್ನೂರು ವರ್ಷ ಅದರ ಗೊಡವೆಗೆ ಯಾರೂ ಹೋಗಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಹಾಲೆಂಡ್ ಎಂಬ ವಿಜ್ಞಾನಿ 1893ರಲ್ಲಿ ಇದನ್ನು ಅಧ್ಯಯನ ಮಾಡಿ, ಇದು ಹೆಸರಿಲ್ಲದ ಒಂದು ಬಗೆಯ ಶಿಲೆ ಎಂದು ಕಂಡು, ಚಾರ್ನಾಕ್‌ನ ನೆನಪಿಗೆ 'ಚಾರ್ನೊಕೈಟ್' ಎಂದು ಕರೆದ. ಇಂದು ಪ್ರಪಂಚದ ಎಲ್ಲ ಭೂವಿಜ್ಞಾನ ಪುಸ್ತಕಗಳಲ್ಲೂ ಈ ಹೆಸರಿದೆ. ಭೂಮಿಯ ಹೊರಪದರದ ಬಹು ಆಳದಲ್ಲಿ, ನೀರಿನಂಶ ಕಡಿಮೆ ಇರುವ ಕಡೆ, ಭಾರಿ ಶಾಖದಲ್ಲಿ ಬೆಂದ ಶಿಲೆ ಇದು. ಹೊಸದಾಗಿ ಒಡೆದರೆ ಹಸಿರು ಮಿಶ್ರಿತ ಕಪ್ಪು, ಎಣ್ಣೆ ಸವರಿದಂಥ ಹೊಳಪು. ನೋಡಲು ಕಲ್ಕತ್ತಕ್ಕೇ ಹೋಗಬೇಕೆ? ಬೇಕಿಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟ ಬಹುಪಾಲು ಇದರದ್ದೇ, ಅದೂ ಸುಮಾರು 250 ಕೋಟಿ ವರ್ಷ ಹಳೆಯದು. ಚಾಮರಾಜನಗರದ ಹುಡುಗ ದಿನವೂ ಕುಳಿತು ಬುತ್ತಿ ತಿನ್ನುವ ಬಂಡೆಗೆ ಹೆಸರು ಬಂದದ್ದು ಹೂಗ್ಲಿ ದಂಡೆಯ ಒಂದು ಗೋರಿಯಿಂದ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಅದು ಅವನ ತಪ್ಪಲ್ಲ, ನಾವು ಹೇಳಿಲ್ಲ.

ಸಂಜೆಗೆ ಪ್ರಿನ್ಸೆಪ್ ಘಾಟ್ ಸರಿಯಾದ ಜಾಗ. ಗ್ರೀಕ್ ದೇಗುಲದಂಥ ಕಂಬಗಳ ಈ ಮಂಟಪ 1840ರ ದಶಕದ್ದು. ನೀರಿನಂಚಿಗೇ ಕಟ್ಟಿದ್ದು ಈಗ ಸ್ವಲ್ಪ ಒಳಗೆ ಉಳಿದಿದೆ. ಪ್ರೇಮಿಗಳು, ಕಡಲೆಕಾಯಿಯವರು, ಫೋಟೊ ತೆಗೆಯುವವರು ತುಂಬಿರುತ್ತಾರೆ. ಈ ಪ್ರಿನ್ಸೆಪ್ ಯಾರೆಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಜೇಮ್ಸ್ ಪ್ರಿನ್ಸೆಪ್ ಇಲ್ಲಿನ ಟಂಕಸಾಲೆಯಲ್ಲಿ ಬೆಳ್ಳಿ ಬಂಗಾರದ ಶುದ್ಧತೆ ಪರೀಕ್ಷಿಸುವ ಅಧಿಕಾರಿ, ಅಂದರೆ ರಸಾಯನಶಾಸ್ತ್ರದವನು. ಕೆಲಸದ ನಡುವಿನ ಬಿಡುವಿನಲ್ಲಿ ಹಳೆಯ ನಾಣ್ಯ, ಶಾಸನಗಳನ್ನು ಕೂಡಿಹಾಕಿ, 1837ರಲ್ಲಿ ಯಾರೂ ಓದಲಾಗದಿದ್ದ ಬ್ರಾಹ್ಮಿ ಲಿಪಿಯನ್ನು ಓದಿದ. ದೇಶದುದ್ದಕ್ಕೂ ಬಂಡೆಗಳ ಮೇಲೆ ಮೌನವಾಗಿದ್ದ ಅಶೋಕ ಮಾತನಾಡತೊಡಗಿದ. ಅತಿ ದುಡಿಮೆಯಿಂದ ಆರೋಗ್ಯ ಕೆಟ್ಟು 1840ರಲ್ಲಿ, ನಲವತ್ತರ ವಯಸ್ಸಿಗೆ, ಪ್ರಿನ್ಸೆಪ್ ತೀರಿಕೊಂಡ. ಶಾಸನಗಳಲ್ಲಿ ಇದ್ದದ್ದು 'ದೇವಾನಾಂಪಿಯ ಪಿಯದಸಿ' ಎಂಬ ಬಿರುದು ಮಾತ್ರ. ಆ ಪಿಯದಸಿ ಅಶೋಕನೇ ಎಂದು ಕಲ್ಲಿನ ಮೇಲೆಯೇ ಹೆಸರು ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ನೋಡಿದ ಮಕ್ಕಳಿದ್ದರೆ ಈ ಮಂಟಪದ ಮೆಟ್ಟಿಲ ಮೇಲೆ ಕೂರಿಸಿ ಈ ಕಥೆ ಹೇಳಿ.

ಮಂಟಪದ ಪಕ್ಕದಲ್ಲೇ ತಲೆಯ ಮೇಲೆ ವಿದ್ಯಾಸಾಗರ ಸೇತು, 1992ರದು. ಗೋಪುರದಿಂದ ಬೀಸಣಿಗೆಯಂತೆ ಹರಡಿದ ಉಕ್ಕಿನ ಹಗ್ಗಗಳು ದಾರಿಯನ್ನು ಎತ್ತಿ ಹಿಡಿದಿವೆ. ಇದರ ಮುಖ್ಯ ಅಂತರವೂ 457 ಮೀಟರ್! ಅದೇ ನದಿ, ಅದೇ ಅಂತರ, ಸುಮಾರು ಐವತ್ತು ವರ್ಷಗಳ ವ್ಯತ್ಯಾಸ. ಹೌರಾದಲ್ಲಿ ಉಕ್ಕಿನ ಕಾಡು, ಇಲ್ಲಿ ವೀಣೆಯ ತಂತಿ. ಎರಡರ ಚಿತ್ರವನ್ನೂ ಮಕ್ಕಳು ಒಂದೇ ಹಾಳೆಯಲ್ಲಿ ಬರೆದರೆ ಎಂಜಿನಿಯರಿಂಗ್ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ದಾರಿ ನದಿಯ ಕೆಳಗಿದೆ. 2024ರ ಮಾರ್ಚಿನಿಂದ ಹೌರಾದಿಂದ ಎಸ್ಪ್ಲನೇಡಿಗೆ ಮೆಟ್ರೊ ಓಡುತ್ತಿದೆ. ನೀರಿನಡಿಯ ಸುಮಾರು 520 ಮೀಟರನ್ನು 45 ಸೆಕೆಂಡಿನಲ್ಲಿ ದಾಟುತ್ತದೆ. ಸೆಕೆಂಡಿಗೆ ಎಷ್ಟು ಮೀಟರ್, ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಅಲ್ಲೇ ಲೆಕ್ಕ ಹಾಕಿಸಿ. ಕಿಟಕಿಯಲ್ಲಿ ಮೀನು ಕಾಣುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮೆಕ್ಕಲಿನಲ್ಲಿ ಸುರಂಗ ಕೊರೆಯುವುದು ಎಷ್ಟು ಕಷ್ಟ ಎಂಬುದು ಇದೇ ಮಾರ್ಗದ ಬೌಬಜಾರಿನಲ್ಲಿ 2019ರಲ್ಲಿ ಗೊತ್ತಾಯಿತು. ಸುರಂಗಕ್ಕೆ ನೀರು ನುಗ್ಗಿ ಮಣ್ಣು ಜಾರಿ ಮೇಲಿನ ಹಳೆಯ ಮನೆಗಳು ಕುಸಿದವು, ನೂರಾರು ಜನ ಮನೆ ಬಿಟ್ಟರು.

ಬೌಬಜಾರಿನ ಹೆಸರು ಬಂತು. ಸಿ.ವಿ. ರಾಮನ್ 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಈ ಊರಿಗೆ ಬಂದು, ಅದೇ ಬೀದಿಯ 210ನೆಯ ನಂಬರಿನ ವಿಜ್ಞಾನ ಸಂಸ್ಥೆಯಲ್ಲಿ ಕಚೇರಿಗೆ ಮೊದಲೂ ನಂತರವೂ ಪ್ರಯೋಗ ಮಾಡುತ್ತಿದ್ದರು. 1928ರ ಫೆಬ್ರವರಿ 28ರ ಶೋಧ ಅಲ್ಲಿಯದು. 1933ರಲ್ಲಿ ಬೆಂಗಳೂರಿಗೆ ಬಂದರು. ಸಂಸ್ಥೆ ಜಾದವ್‌ಪುರಕ್ಕೆ ಹೋಗಿ ಬಹಳ ಕಾಲವಾಯಿತು, ಹಳೆಯ ಜಾಗದಲ್ಲಿ ಈಗ ವಾಣಿಜ್ಯ ಕಾಲೇಜಿದೆ. ಬೀದಿಯನ್ನು ಕಂಡು ಬರಬಹುದು, ಪ್ರಯೋಗಶಾಲೆಯನ್ನಲ್ಲ.

ಕೊನೆಯದಾಗಿ ಕೆಲವು ವ್ಯವಹಾರದ ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ತಂಗಲು ಸರ್ಕಾರಿ ಯುವಜನ ವಸತಿಗೃಹ, ಧರ್ಮಶಾಲೆಗಳಿಗೆ ಮೊದಲೇ ಪತ್ರ ಅಥವಾ ಫೋನ್ ಮಾಡಿ. ಮಕ್ಕಳ ಗುರುತಿನ ಚೀಟಿಯಿಲ್ಲದೆ ಎಲ್ಲಿಯೂ ಕೋಣೆ ಕೊಡುವುದಿಲ್ಲ. ಊಟ ತಿಂಡಿಗೆ ಕಚೇರಿ ಗುಮಾಸ್ತರು ಸಾಲುನಿಲ್ಲುವ ಅಂಗಡಿಯನ್ನೇ ಆರಿಸಿ, ಹೊಟ್ಟೆಗೂ ಜೇಬಿಗೂ ಕ್ಷೇಮ. ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನದಿಯ ಪಕ್ಕದಲ್ಲೇ ಓಡುವ ಸರ್ಕ್ಯುಲರ್ ರೈಲು ಪ್ರಿನ್ಸೆಪ್ ಘಾಟ್‌ನಿಂದ ಬಾಗ್‌ಬಜಾರ್‌ವರೆಗೆ ಕೆಲವೇ ರೂಪಾಯಿಗೆ ಒಯ್ಯುತ್ತದೆ, ಆದರೆ ಗಾಡಿಗಳು ಅಪರೂಪ. ನಿಲ್ದಾಣದಲ್ಲಿ ಹೊತ್ತು ಕೇಳಿಟ್ಟುಕೊಳ್ಳಿ. ಹೌರಾ ಕಡೆಗೆ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನೂ ಬೆಳಿಗ್ಗೆ ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿಬಿಡಿ.